‘ಹ್ಯಾಬಿಚುವಲ್’ ಎಂದರೆ ಅಭ್ಯಾಸವೇ?

‘ಇದು ಹ್ಯಾಬಿಚುವಲ್ ಅಬಾರ್ಷನ್ ಕೇಸ್’ ಎಂದು ನನ್ನ ತಂಗಿಯ ಹಾಸಿಗೆಯ ಪಕ್ಕ ನಿಂತು ನರ್ಸ್‌ಗೆ ಹೇಳಿದ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ಮೂರನೇ ಬಾರಿಯೂ ಗರ್ಭ ನಿಲ್ಲದೆ, ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದಲ್ಲೇ ಇದ್ದ ಅವಳ ಗಂಡ ಮಂಜುನಾಥನ ಮುಖ ಬಿಗಿಯಿತು. ಹಿರಿಯೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅವನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು.

‘ಅಭ್ಯಾಸ ಐತಂತಲ್ಲ! ಮೂರೂ ನೀನಾಗೇ ತೆಗೆಸ್ಕಂಡೇನೆ?’ ಎಂದು ಅಷ್ಟು ಜನರ ಎದುರೇ ಕೇಳಿಬಿಟ್ಟ. ತಂಗಿ ಗೋಡೆಯತ್ತ ಹೊರಳಿದಳು.

ನಾನು ಓಡಿಹೋಗಿ ಡಾಕ್ಟರನ್ನು ಕರೆತಂದೆ. ಗರ್ಭ ತಾನಾಗಿಯೇ ಹೋದರೂ ವೈದ್ಯರ ಭಾಷೆಯಲ್ಲಿ ಅದು ಅಬಾರ್ಷನ್ನೇ ಎಂದೂ, ಮತ್ತೆ ಮತ್ತೆ ಹಾಗಾದರೆ ‘ಹ್ಯಾಬಿಚುವಲ್’ ಎನ್ನುವುದು ಹಳೆಯ ರೂಢಿ ಎಂದೂ, ಅದರಲ್ಲಿ ಹೆಂಗಸಿನ ತಪ್ಪೇನೂ ಇಲ್ಲವೆಂದೂ ಅವರು ಬಿಡಿಸಿ ಹೇಳಿದರು. ಮಂಜುನಾಥ ತಲೆ ತಗ್ಗಿಸಿ, ‘ನಂಗೇನ್ ಗೊತ್ತಿತ್ತಕ್ಕ, ಪದನೇ ಹಂಗೈತೆ’ ಎಂದ.

ತಂಗಿ ಅವನ ಜೊತೆಗೇ ಹಿರಿಯೂರಿಗೆ ಮರಳಿದ್ದಾಳೆ. ಚಿಕಿತ್ಸೆ ಮುಂದುವರಿಸೋಣವೆಂದು ಅವನೇ ಕರೆದರೂ ಹೋಗುವುದಿಲ್ಲ. ಕಾರಣ ಕೇಳಿದಾಗ ನನ್ನೊಬ್ಬಳಿಗೇ ಹೇಳಿದಳು: ‘ಪದ ತಿಳೀಲಿಲ್ಲ ಅಂದ್ರೆ ಸರಿ. ಆದ್ರೆ ಎಷ್ಟು ಬೇಗ ನಂಬಿಬಿಟ್ರಲ್ಲಕ್ಕ!’