ಒರೆಸುವ ಮುನಿಯಕ್ಕ

ಬಿಟಿಎಂ ಲೇಔಟಿನ ಮುನಿಯಕ್ಕ ತನ್ನ ಎಸ್‌ಟಿಡಿ ಬೂತನ್ನು ಬ್ರೌಸಿಂಗ್ ಸೆಂಟರ್ ಮಾಡಿಕೊಂಡು ಎರಡು ವರ್ಷವಾಗಿತ್ತು. ಮನುಷ್ಯರನ್ನು ಕಣ್ಣುಮುಚ್ಚಿ ನಂಬುವ ಹೆಂಗಸು, ಕಂಪ್ಯೂಟರನ್ನು ಮಾತ್ರ ಎಳ್ಳಷ್ಟೂ ನಂಬುತ್ತಿರಲಿಲ್ಲ. ಬ್ರೌಸರ್ ಸದಾ ಹೊಸದಿರಬೇಕು, ತಾವಾಗಿ ಹಾರಿ ಬರುವ ಜಾಹೀರಾತುಗಳಿಗೆ ತಡೆ ಇರಬೇಕು, ವೈರಸ್ ಹಿಡಿಯುವ ಸಾಫ್ಟ್‌ವೇರ್ ಎಚ್ಚರವಾಗಿರಬೇಕು, ಬ್ರೌಸರ್ ಮುಚ್ಚಿದೊಡನೆ ಒಳಗಿನದೆಲ್ಲ ತಾನಾಗಿ ಅಳಿಯಬೇಕು. ಇಷ್ಟಾದರೂ ಸಮಾಧಾನವಿಲ್ಲ, ಗಿರಾಕಿ ಎದ್ದ ಮೇಲೆ ತಾನೇ ಹೋಗಿ ಇನ್ನೊಮ್ಮೆ ಒರೆಸಬೇಕು. "ಒಂದು ಕೈಕೊಟ್ರೆ ಇನ್ನೊಂದಿರ್ಲಿ," ಎನ್ನುವಳು. ಇದು ಮುನಿಯಕ್ಕನ ಮಡಿ ಎಂದು ಬೀದಿಯವರು ನಗುತ್ತಿದ್ದರು.

ಕೊಪ್ಪಳದ ಕಡೆಯ ಭಾಗ್ಯಜ್ಯೋತಿ ಹಿಂದಿನ ರಸ್ತೆಯಲ್ಲಿ ಬಾಡಿಗೆಗಿದ್ದಳು. ಎಂಟು ತಿಂಗಳು ಅರ್ಜಿ ಹಾಕಿ ಹಾಕಿ ಸೋತವಳಿಗೆ 2005ರ ಒಂದು ಶುಕ್ರವಾರ ಇಂಟರ್‌ವ್ಯೂ ಪತ್ರ ಬಂತು. ಮಂಗಳವಾರ ಬರುವುದಾದರೆ ಇಂದೇ ಐದರೊಳಗೆ ಒಪ್ಪಿಗೆ ಕಳಿಸಬೇಕು. ಮುನಿಯಕ್ಕನ ಸೆಂಟರಿನಲ್ಲಿ ಕೂತು ಆ ಮೇಲ್ ಓದಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಹುಡುಗಿ ಎದ್ದವಳೇ ಮಡಿವಾಳದಲ್ಲಿ ಜನರೇಟರ್ ಇದ್ದ ಸೆಂಟರಿಗೆ ಓಡಿದಳು.

ಕರೆಂಟು ಬಂದಾಗ ಮುನಿಯಕ್ಕ ಕಾದಿದ್ದ ಗಿರಾಕಿಯನ್ನು ತಡೆದು ಆ ಕಂಪ್ಯೂಟರನ್ನು ತಾನೇ ತೆರೆದಳು. ಬ್ರೌಸರನ್ನು ಯಾರೂ ಮುಚ್ಚದೆ ಯಂತ್ರ ಆರಿಹೋಗಿದ್ದರಿಂದ ಏನೂ ಅಳಿದಿರಲಿಲ್ಲ. 'ನನ್ನನ್ನು ನೆನಪಿಟ್ಟುಕೋ' ಎಂಬಲ್ಲಿ ಹುಡುಗಿ ಗುರುತು ಬೇರೆ ಹಾಕಿದ್ದಳು. ಪಾಸ್‌ವರ್ಡ್ ಕೇಳದೆಯೇ ಅವಳ ಮೇಲ್ ತೆರೆದುಕೊಂಡಿತು. ಮುನಿಯಕ್ಕ ಸೈನ್ ಔಟ್ ಮಾಡಿ ಒರೆಸುವಷ್ಟರಲ್ಲಿ ಗಿರಾಕಿ ಗೊಣಗುತ್ತ ಹೊರಟೇಹೋದ.

ಐದೂವರೆಗೆ ಭಾಗ್ಯಜ್ಯೋತಿ ನಗುತ್ತ ಬಂದಳು. "ಕಳಿಸಿದೆ ರೀ ಅಕ್ಕ. ಐದಕ್ಕ ಎರಡ ನಿಮಿಷ ಇತ್ತು."

"ಅಲ್ಲೂ ನೆನಪಿಟ್ಕೋ ಅಂತ ಗುರುತು ಹಾಕಿದ್ಯಾ?"

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ರೂಢಿ ರೀ. ನಾಳೆ ಪಾಸ್‌ವರ್ಡ್ ಬದಲಿ ಮಾಡ್ತೀನಿ."

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕ್ತೀಯಾ? ನಿನ್ನ ಹೆಸರಲ್ಲಿ ಯಾರಾದ್ರೂ 'ನಾನು ಬರಲ್ಲ' ಅಂತ ಕಳಿಸಿಬಿಟ್ರೆ ಎಂಟು ತಿಂಗಳೂ ನೀರಲ್ಲಿ ಹೋಮ. ಈಗ್ಲೇ ಬದಲಾಯ್ಸು. ಬದಲಾಯ್ಸಿದ್ರೂ ಅಲ್ಲಿ ತೆರೆದಿದ್ದು ಹಾಗೇ ತೆರೆದಿರ್ಬಹುದು, ಆಮೇಲೆ ಅಲ್ಲಿಗೂ ಹೋಗಿ ಒರೆಸಿ ಬರೋಣ."

ಪಾಸ್‌ವರ್ಡ್ ಬದಲಾಯಿತು. ಜನ ಬರುವ ಹೊತ್ತಿನಲ್ಲೇ ಶಟರ್ ಎಳೆದು ಮುನಿಯಕ್ಕ ಅವಳನ್ನು ಆಟೋ ಹತ್ತಿಸಿದಳು. ಹೆತ್ತ ತಾಯಿಯಾದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ಮಡಿವಾಳದಲ್ಲಿ ಹುಡುಗಿ ಬಳಸಿದ್ದ ಕಂಪ್ಯೂಟರಿನ ಮುಂದೆ ಕನ್ನಡಕದ ಹಿರಿಯರೊಬ್ಬರು ಕೂತಿದ್ದರು. ಪರದೆಯ ಮೇಲೆ ಭಾಗ್ಯಜ್ಯೋತಿಗೆ ಬಂದ ಪತ್ರ.

"ಸಾರ್, ಅದು ಈ ಹುಡುಗೀದು. ಸ್ವಲ್ಪ ಏಳಿ," ಎಂದಳು ಮುನಿಯಕ್ಕ.

ಹುಡುಗಿ ಕೂತು ಸೈನ್ ಔಟ್ ಒತ್ತಿದಳು. ಹಿರಿಯರು ಸಂಕೋಚದಿಂದ ಪಕ್ಕಕ್ಕೆ ಸರಿದು ನಿಂತಿದ್ದರು.

"ತೆರೆದ್ರೆ ಇದೇ ಬಂತು ಮೇಡಂ. ನಾನೇನೂ ಓದಿಲ್ಲ," ಎಂದು ಮುನಿಯಕ್ಕನಿಗೆ ಹೇಳಿ, ಹುಡುಗಿಯ ಕಡೆ ತಿರುಗಿದರು. "ಮಂಗಳವಾರದ ಇಂಟರ್‌ವ್ಯೂ ಚೆನ್ನಾಗಿ ಮಾಡಮ್ಮ."