ಮಾವ ಓದಿ ಹೇಳಿದ ಅರ್ಜಿ

ನನ್ನ ಸೋದರಮಾವನ ಬಲ ಮೊಣಕಾಲಿನ ಮೇಲೆ ಒಂದು ಕೂದಲೂ ಇರಲಿಲ್ಲ. ಎಡಗಾಲು ಎಲ್ಲರ ಕಾಲಿನಂತೆಯೇ ಇತ್ತು. ಬಲ ಮೊಣಕಾಲು ಮಾತ್ರ ಮಂದಿ ತುಳಿದು ಸವೆಸಿದ ಹೊಸ್ತಿಲಿನ ಹಾಗೆ ನುಣ್ಣಗೆ, ಸ್ವಲ್ಪ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಮೂವತ್ತು ವರ್ಷ ಅದರ ಮೇಲೆ ಸಾಗವಾನಿ ಹಲಗೆ ಇಟ್ಟುಕೊಂಡು ಅವರು ಮಂದಿಯ ಅರ್ಜಿ ಬರೆದಿದ್ದರು. ಬರೆಯುವಾಗ ಧೋತರವನ್ನು ತೊಡೆಯ ತನಕ ಸರಿಸಿಕೊಳ್ಳುತ್ತಿದ್ದರು. "ಮಸಿ ಚರ್ಮಕ್ಕ ಬಿದ್ರ ನಾ ತೊಳಕೋತೀನಿ. ಧೋತರಕ್ಕ ಬಿದ್ರ ನಿಮ್ಮತ್ತಿ ನನ್ನ ತೊಳೀತಾಳ."

ಹುಮನಾಬಾದಿನ ಕಚೇರಿಯ ಎದುರಿನ ಬೇವಿನ ಕಟ್ಟೆ ಅವರ ಜಾಗ. ಆಗ ನಮ್ಮದು ನಿಜಾಮರ ರಾಜ್ಯ, ಕಚೇರಿಯ ಭಾಷೆ ಉರ್ದು. ರಾಜೇಶ್ವರ, ಮಂಠಾಳ, ಮುಡಬಿಯಿಂದ ಬರುವ ರೈತರಿಗೆ ಉರ್ದು ಮಾತು ಅಷ್ಟಿಷ್ಟು ತಿಳಿಯುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಅವರು ಕನ್ನಡದಲ್ಲಿ ಹೇಳಿದ್ದನ್ನು ಮಾವ ಉರ್ದುವಿನಲ್ಲಿ ಬರೆಯುತ್ತಿದ್ದರು. ಕನ್ನಡ ಅಕ್ಷರ ಮಾವನಿಗೂ ಬರುತ್ತಿರಲಿಲ್ಲ. ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಮಾವನ ಈ ವ್ಯಕ್ತಿಚಿತ್ರವನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ಮಾವ ಸರ್ಕಾರದ ಬಂಟರಾಗಿದ್ದರು, ಎರಡನೆಯದರಲ್ಲಿ ಪಾಪದ ಮುದುಕ. ಎರಡೂ ತಡೆಯಿಲ್ಲದೆ ಬಂದವು. ಅದಕ್ಕೇ ಹರಿದೆ.

ಅವರ ಕೆಲಸಕ್ಕೊಂದು ಕಟ್ಟಳೆ ಇತ್ತು. ಅರ್ಜಿ ಮುಗಿಸಿ, ಮಸಿ ಆರಲು ಊದಿ, ಇಡೀ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಕಣ್ಣು ಬಲದಿಂದ ಎಡಕ್ಕೆ ಸರಿಯುತ್ತಿತ್ತು, ಬಾಯಿಂದ ನಮ್ಮ ಕಡೆಯ ಕನ್ನಡ ಬರುತ್ತಿತ್ತು. ಕೊನೆಗೆ, "ಇದು ನಿನ್ನ ಮಾತು ಹೌದಿಲ್ಲೋ?" ಎಂದು ಕೇಳುವರು. "ಹೌದ್ರಿ" ಎಂದ ಮೇಲಷ್ಟೇ ಸಹಿ, ಇಲ್ಲವೇ ಹೆಬ್ಬೆರಳು. ಉರ್ದು ಬಲ್ಲವನೂ ಕಾಗದವನ್ನು ಕೈಗೆ ತೆಗೆದುಕೊಂಡು ನೋಡುವಂತಿರಲಿಲ್ಲ. ನೋಡಿದರೆ ಓದಿ ಹೇಳಿದವರನ್ನು ಸುಳ್ಳ ಎಂದಂತೆ. ಒಮ್ಮೆ ಒಬ್ಬ ವ್ಯಾಪಾರಿ, "ಕೊಡ್ರಿ, ನಾನೂ ಒಂದು ಸಲ ಕಣ್ಣಾಡಸ್ತೀನಿ" ಎಂದ. ಮಾವ ಕಾಗದವನ್ನು ನಾಲ್ಕು ತುಂಡು ಮಾಡಿ ಅವನ ಅಂಗೈಯಲ್ಲಿಟ್ಟರು. "ಈಗ ಆಡಸ್ರಿ." ಕಟ್ಟೆಯ ಮಂದಿಯೆಲ್ಲ ನಕ್ಕರು. ನಾನೂ ನಕ್ಕೆ. ನಾನು ಮಾವನ ಮನೆಯಲ್ಲಿದ್ದುಕೊಂಡೇ ಶಾಲೆ ಓದಿದವನು. ಉರ್ದು ಅಕ್ಷರವನ್ನು ನನ್ನ ಕೈಗೆ ಹತ್ತಿಸಿದವರು ಅವರೇ.

ಮಂಠಾಳದ ಒಬ್ಬ ವಿಧವೆ ಬಂದದ್ದು ಆ ದಿನಗಳಲ್ಲೇ. ಊರಿನ ಪಾಟೀಲ ಅವಳ ಎತ್ತನ್ನು ಹಾಡಹಗಲೇ ಎಳೆದುಕೊಂಡು ಹೋಗಿದ್ದ. ಅವಳು ಹೇಳುತ್ತ ಅತ್ತಳು, ಮಾವ ಬರೆದರು, ಆಮೇಲೆ ಓದಿದರು:

"ನನ್ನ ಎತ್ತು ಪಾಟೀಲರ ಮನಿ ಕಣಿಕಿ ರುಚಿಗೆ ಸೋತು, ತಾನಾಗೇ ಅವರ ಕೊಟ್ಟಿಗ್ಯಾಗ ಹೋಗಿ ನಿಂತದ. ಪಾಟೀಲರು ದೊಡ್ಡ ಮನಸಿನಿಂದ ಅದಕ್ಕ ಮೇವು ಹಾಕ್ಯಾರ. ಹುಜೂರು ಅದಕ್ಕ ಮನಿಗೆ ಹೋಗು ಅಂತ ಬುದ್ಧಿ ಹೇಳಬೇಕು."

"ಎತ್ತಿಗೆ ಬುದ್ಧಿ ಹೇಳ್ತಾರೇನ್ರಿ ಸಾಹೇಬ್ರು, ಯಣ್ಣಾ? ಅಂವ ಜಗ್ಗಿಕೊಂಡು ಹೋಗ್ಯಾನ್ರಿ. ನನ್ನ ಕಣ್ಣಾರೆ ನೋಡೀನಿ."

"ತಂಗಿ, ನಿನಗ ಎತ್ತು ಬೇಕೋ, ನ್ಯಾಯ ಬೇಕೋ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಎತ್ತು ಬೇಕ್ರಿ."

"ಹಂಗಾರ ಬೆರಳು ತಾ."

ಎಂಟು ದಿನಗಳಲ್ಲಿ ಎತ್ತು ಮನೆಗೆ ಬಂತು. ಪಾಟೀಲನ ಮೇಲೆ ಯಾರೂ ಒಂದು ಮಾತು ಆಡಿರಲಿಲ್ಲವಾದ್ದರಿಂದ ಅವನಿಗೆ ಬಿಟ್ಟುಕೊಡುವುದು ಸುಲಭವಾಯಿತು. ಮಾವನ ರಾಜಕೀಯವೆಲ್ಲ ಇದರಲ್ಲೇ ಇತ್ತು. "ಸರ್ಕಾರಕ್ಕ ಕೇಳಬೇಕು, ಅಳಿಯಾ. ಹೇಳಬಾರದು."

ನಾನು ಆಗ ಹೇಳುವವರ ಕಡೆ ಸೇರುತ್ತಿದ್ದೆ. ಬ್ರಿಟಿಷರ ಸೀಮೆಯ ಸೊಲ್ಲಾಪುರದಿಂದ ಬಟ್ಟೆಯ ಗಂಟಿನಲ್ಲಿ ಕದ್ದು ಬರುತ್ತಿದ್ದ ಪತ್ರಿಕೆಗಳನ್ನು ಓದಿಕೊಂಡು ಬಂದು, ಊಟದ ಹೊತ್ತಿಗೆ ಮಾವನ ಮುಂದೆ ವಾದ ತೆಗೆಯುತ್ತಿದ್ದೆ. ಅವರು ಶೇಂಗಾದ ಬುಟ್ಟಿಯನ್ನು ನನ್ನ ಮುಂದೆ ನೂಕುವರು. "ಮಾತಾಡ್ತಾ ಮಾತಾಡ್ತಾ ಸುಲಿ." ನನ್ನ ಪ್ರಶ್ನೆಗಳಿಗೆ ಉತ್ತರವಾಗಿ ನಾನು ಸುಲಿದ ಶೇಂಗಾ ಒಂದು ಚೀಲವಾದರೂ ಆದೀತು. ಅವರು ಮಾತು ತಪ್ಪಿಸುತ್ತಾರೆ ಎಂದು ನನಗೆ ಸಿಟ್ಟು. ನಾನೂ ಕೇಳುತ್ತಿರಲಿಲ್ಲ, ಗೆಲ್ಲಲು ನೋಡುತ್ತಿದ್ದೆ ಎಂಬುದು ಅಂದು ಹೊಳೆಯಲಿಲ್ಲ.

ಒಮ್ಮೆ ಮಾತ್ರ ಉತ್ತರ ಕೊಟ್ಟರು. "ಮುಡಬಿ ಕಡಿ ಒಂದು ಹಳ್ಳಿಯವರು ಸರ್ಕಾರಕ್ಕ ಪಟ್ಟಿ ಕೊಡಂಗಿಲ್ಲ ಅಂತ ಕೂತ್ರು. ಹಾಂಗ ಅನ್ನಾಕ ಕಲಿಸಿದಂವ ಸೊಲ್ಲಾಪುರದ ಮೋಟಾರು ಹತ್ತಿ ಹೋದ. ಇವರ ನಿಂತ ಜೋಳದಾಗ ಪೊಲೀಸರು ಕುದುರಿ ಓಡಿಸಿದ್ರು. ಆಮ್ಯಾಲ ಅವರ ಅರ್ಜಿ ಬರದಂವ ಯಾರು? ನಾನು. ಏನಂತ ಬರದೆ? ಕುದುರಿಗೆ ಹಾದಿ ತಪ್ಪಿತ್ತು ಅಂತ." ಬುಟ್ಟಿಯನ್ನು ನನ್ನ ಕಡೆ ನೂಕಿ, "ಸುಲಿ" ಎಂದರು.

ಅವರು ಹಾಗೇಕಿದ್ದರು ಎಂಬುದಕ್ಕೆ ಆ ಜೋಳದ ಹೊಲವೇ ಕಾರಣ ಎಂದು ಬಹಳ ದಿನ ನಂಬಿದ್ದೆ. ಅತ್ತೆ ಒಪ್ಪುತ್ತಿರಲಿಲ್ಲ. "ನಿಮ್ಮ ಮಾವಗ ಸರ್ಕಾರನೂ ಬ್ಯಾಡ, ಸುಡಗಾಡೂ ಬ್ಯಾಡ. ಆ ಕಟ್ಟಿ ಮ್ಯಾಲ ಕೂಡಾಕ ಜಾಗ ಬೇಕು. ಕಚೇರಿ ಪೇಶಕಾರ ಸಾಹೇಬ್ರು ಹಾದು ಹೋಗ್ತಾ 'ಆದಾಬ್ ಮುನ್ಶೀಜಿ' ಅನಬೇಕು. ಅಷ್ಟ ಅದ ಅವರ ರಾಜ್ಯ." ಯಾವುದು ನಿಜ? ಮಾವನನ್ನು ಕೇಳಿದ್ದರೆ ಬುಟ್ಟಿ ನೂಕುತ್ತಿದ್ದರು.

ಶಾಲೆ ಮುಗಿಸಿ ನಾನು ನನ್ನೂರಿಗೆ ಮರಳಿದೆ. ಬಸವಕಲ್ಯಾಣವನ್ನು ನಾವು ಬರೀ ಕಲ್ಯಾಣ ಎನ್ನುತ್ತಿದ್ದೆವು. ನಲವತ್ತರ ದಶಕದ ಮೊದಲ ವರ್ಷಗಳು. ಐದು ಮಂದಿ ಗೆಳೆಯರು ಸೇರಿ ಮಕ್ಕಳಿಗೆ ಒಂದು ಕನ್ನಡ ಶಾಲೆ ತೆರೆದೆವು. ನಮ್ಮಲ್ಲಿ ಒಬ್ಬ ನೇಕಾರ. ಅವನ ಮನೆಯ ಪಡಸಾಲೆಯೇ ಶಾಲೆ. ಮುಂಜಾನೆ ಎರಡು ತಾಸು ಅವನು ಮಗ್ಗ ನಿಲ್ಲಿಸುತ್ತಿದ್ದ, ಮಕ್ಕಳು ಅಕ್ಷರ ಕೂಗುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಠಾಣೆಯ ಅಮೀನ ಬಂದು, ಪರವಾನಗಿ ಇಲ್ಲ ಎಂದು ಶಾಲೆ ಮುಚ್ಚಿಸಿ ಕರಿಹಲಗೆಯನ್ನು ಹೊತ್ತುಕೊಂಡು ಹೋದ.

ಬೀದರಿನ ದೊಡ್ಡ ಸಾಹೇಬರು ಹುಮನಾಬಾದಿನಲ್ಲಿ ಮೊಕ್ಕಾಂ ಮಾಡುವವರಿದ್ದರು. ಅವರಿಗೆ ಅರ್ಜಿ ಕೊಡುವುದೆಂದು ಐವರೂ ಗಾಡಿ ಹತ್ತಿದೆವು.

"ನಿಮ್ಮ ಮಾವ ನಮ್ಮ ಮಾತು ಬರೀತಾರಂತಿಯೇನು?" ನೇಕಾರ ದಾರಿಯಲ್ಲಿ ಕೇಳಿದ. "ಅವರು ಸರ್ಕಾರದ ಕಡಿಯವರು."

"ಮನಸ್ಸಿಲ್ಲದಿದ್ರ ಬರೆಯಂಗಿಲ್ಲ ಅಂತಾರ. ಬರದ್ರ ಖರೇನೇ ಬರೀತಾರ."

"ನಿನ್ನ ಮಾತಿನ ಮ್ಯಾಲ ಬರಾಕತ್ತೀನಿ, ನೋಡು."

ನಾನು ಹೇಳಿಸಿದ್ದು ಇಷ್ಟು: ಶಾಲೆ ಮುಚ್ಚಿದ್ದು ಅನ್ಯಾಯ. ನಮ್ಮ ಮಕ್ಕಳು ನಮ್ಮ ಮಾತಿನಲ್ಲಿ ಓದುವುದು ನಮ್ಮ ಹಕ್ಕು. ಪರವಾನಗಿ ಕೊಡದಿದ್ದರೂ ಶಾಲೆ ತೆರೆಯುತ್ತೇವೆ. ಮಾವ ಬರೆದರು. ಆಮೇಲೆ ಓದಿದರು. ನನ್ನ ಮಾತು ಮಾತ್ರವಲ್ಲ, ನನ್ನ ಕಾವೂ ಅವರ ದನಿಯಲ್ಲಿತ್ತು. 'ಹಕ್ಕು' ಎಂಬಲ್ಲಿ ತಲೆ ಎತ್ತಿ ನನ್ನನ್ನು ನೋಡಿದರು ಎಂದು ನೆನಪು. ಈ ನೆನಪು ಆಮೇಲೆ ಹುಟ್ಟಿದ್ದೂ ಇರಬಹುದು.

"ಇದು ನಿಮ್ಮ ಮಾತು ಹೌದಿಲ್ಲೋ?"

ಐವರೂ ಹೌದೆಂದೆವು. ಐವರಲ್ಲಿ ಉರ್ದು ಅಕ್ಷರ ಬರುತ್ತಿದ್ದುದು ನನಗೊಬ್ಬನಿಗೆ. ಕಾಗದ ಒಂದು ಮೊಳ ದೂರದಲ್ಲಿತ್ತು. ಬಗ್ಗಿ ನೋಡಲಿಲ್ಲ. ಮಾವ ತೋರಿಸಿದಲ್ಲಿ ಸಹಿ ಮಾಡಿದೆ.

ಮೂರು ವಾರದ ಮೇಲೆ ಒಂದು ಮುಂಜಾನೆ ಅಮೀನ ನೇಕಾರನ ಪಡಸಾಲೆಗೆ ಬಂದ. ಹಿಂದೆ ಒಬ್ಬ ಜವಾನ ನಮ್ಮ ಕರಿಹಲಗೆ ಹೊತ್ತಿದ್ದ. ಶಾಲೆ ತೆರೆಯಿತೆಂದು ಓಣಿಯ ತಾಯಂದಿರು ಮಕ್ಕಳನ್ನು ಕರೆದುಕೊಂಡು ಓಡಿ ಬಂದರು. ಅಮೀನ ಹುಕುಂ ಕಾಗದವನ್ನು ನನ್ನ ಕೈಗೆ ಕೊಟ್ಟ. "ನಿನಗ ಉರ್ದು ಬರ್ತದಲ್ಲ, ಎಲ್ಲಾರಿಗೂ ಓದಿ ಹೇಳು."

ಓದಿದೆ. "ಈ ಐವರೂ ತಮ್ಮ ಅರ್ಜಿಯಲ್ಲಿ ತಪ್ಪು ಒಪ್ಪಿಕೊಂಡಿದ್ದಾರೆ. ತಾವು ತಿಳಿಗೇಡಿಗಳೆಂದೂ, ಹೊರಗಿನವರ ಮಾತಿಗೆ ಮರುಳಾದೆವೆಂದೂ..." ಅಲ್ಲಿ ನಿಂತೆ.

"ಓದು, ಯಾಕ ನಿಂತಿ?" ಎಂದ ನೇಕಾರ.

"...ಇನ್ನು ಮುಂದೆ ಇಂಥ ಶಾಲೆ ತೆರೆಯುವುದಿಲ್ಲವೆಂದೂ ಬರೆದುಕೊಟ್ಟಿದ್ದಾರೆ. ಅವರ ವಿನಯ ನೋಡಿ ಕ್ಷಮಿಸಲಾಗಿದೆ. ಹಲಗೆಯನ್ನು ಮರಳಿಸುವುದು."

ಅಮೀನ ಹೋದ. ತಾಯಂದಿರು ಮಕ್ಕಳ ಕೈ ಹಿಡಿದು ಹೋದರು. ಕೊನೆಗೆ ನೇಕಾರ ಕೇಳಿದ: "ನಿನಗ ಓದಾಕ ಬರ್ತಿತ್ತಲ್ಲೋ?"

"ನಾ ನೋಡಲಿಲ್ಲೋ. ಮಾವ ಓದಿ ಹೇಳಿದ ಮ್ಯಾಲ ನೋಡೋದು ಹ್ಯಾಂಗ?"

"ಕಣ್ಣು ಅದಾವ. ಅಕ್ಷರ ಬರ್ತಾವ. ಕಾಗದ ಮುಂದಿತ್ತು. ಸಹಿ ಮಾಡ್ದಿ. ನೋಡಲಿಲ್ಲ!" ಅವನು ಹಲಗೆಯನ್ನು ಎತ್ತಿ ನನ್ನ ಕಾಲ ಬಳಿ ಇಟ್ಟ. "ಒಯ್ದು ನಿಮ್ಮ ಮಾವಗ ಕೊಡು. ಮುಂದಿನ ಅರ್ಜಿ ಇದರ ಮ್ಯಾಲ ಬರೀಲಿ."

ಮಾವ ನನಗೆ ಮೋಸ ಮಾಡಿದ್ದಷ್ಟೇ ಆಗಿದ್ದರೆ ಒಂದು ದಿನ ಮರೆಯುತ್ತಿದ್ದೆನೇನೋ. ಅವರು ನನ್ನನ್ನೇ ಮೋಸಗಾರನನ್ನಾಗಿ ಮಾಡಿ ನನ್ನೂರಿನಲ್ಲಿ ನಿಲ್ಲಿಸಿದ್ದರು. ಮರುದಿನ ಹುಮನಾಬಾದಿಗೆ ಹೋದೆ. ಮಾವ ಕಟ್ಟೆಯ ಮೇಲಿದ್ದರು.

"ಯಾವಾಗ ಬಂದಿ ಅಳಿಯಾ? ಊಟ ಆತೇನು?"

"ಯಾಕ ಹೀಂಗ ಮಾಡಿದ್ರಿ ಮಾವಾ?"

ಅವರು ಕಲಮನ್ನು ಮಸಿಯ ದವತಿಯಲ್ಲಿ ಇಟ್ಟರು. "ನೀ ಹೇಳಿದಾಂಗ ಬರದಿದ್ರ ಐದೂ ಮಂದಿ ಜೇಲಿನ್ಯಾಗ ಇರ್ತಿದ್ರಿ. ನಿಮ್ಮವ್ವಗ ನಾ ಏನು ಮುಖ ತೋರಸ್ತಿದ್ದೆ?"

"ಹಂಗಾರ ಬರೆಯಂಗಿಲ್ಲ ಅನ್ನಬೇಕಿತ್ತು."

"ಮತ್ತೊಬ್ಬನ ಕಡಿ ಹೋಗಿ ಬರಸ್ತಿದ್ದಿ."

"ಆ ಮಂಠಾಳದ ಹೆಣ್ಣಮಗಳಿಗೆ ಎತ್ತು ಬೇಕೋ ನ್ಯಾಯ ಬೇಕೋ ಅಂತ ಕೇಳಿದ್ರಿ. ನನಗ ಯಾಕ ಕೇಳಲಿಲ್ಲ?"

ಮಾವ ನನ್ನ ಮುಖ ನೋಡಲಿಲ್ಲ. "ನಿನಗ ಕೇಳಿದ್ರ ನೀ ಏನಂತಿದ್ದಿ ಅಂತ ನನಗ ಗೊತ್ತಿತ್ತು." ಆಮೇಲೆ ನನ್ನ ಹಿಂದೆ ನಿಂತಿದ್ದ ರೈತನಿಗೆ, "ಬಾರಪಾ, ನಿಂದೇನು?" ಎಂದರು.

ಆರು ವರ್ಷ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ. ಕಲ್ಯಾಣದಲ್ಲಿ ನೇಕಾರ ನನ್ನನ್ನು ಕಂಡರೆ ಓಣಿ ಬದಲಿಸುತ್ತಿದ್ದ. ಶಾಲೆ ಮತ್ತೆ ತೆರೆಯಲಿಲ್ಲ.

ಆಮೇಲೆ ನಿಜಾಮರ ಆ ರಾಜ್ಯ ಹೋಯಿತು. ಹೋಗುವ ಮುಂಚೆಯೂ ಹೋದ ಮೇಲೂ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳು ಉರಿದವು; ಅದನ್ನು ಒಬ್ಬ ಮಾವನ ಚಿತ್ರದಲ್ಲಿ ತುರುಕಲಾರೆ. ಹೊಸ ಅಧಿಕಾರಿಗಳು ಬಂದರು. ಒಂದು ದಿನ ನೇಕಾರ ನನ್ನ ಬಾಗಿಲಲ್ಲಿ ನಿಂತಿದ್ದ.

"ಕಚೇರಿ ಮುಂದ ಯಾರು ಕೂಡಬೇಕು, ಯಾರು ಕೂಡಬಾರದು ಅಂತ ಹೊಸದಾಗಿ ಗೊತ್ತು ಮಾಡಾಕತ್ತಾರ. ನಿಮ್ಮ ಮಾವನ ಮ್ಯಾಲ ಒಂದು ಅರ್ಜಿ ಬರಿ. ಕನ್ನಡದಾಗ. ನೀ ಬರದ್ರ, ಅವತ್ತು ನೀ ನೋಡಿರಲಿಲ್ಲ ಅನ್ನೋದು ನಂಬ್ತೀನಿ."

ಮಾವ ಬರೆದದ್ದು ಒಂದು, ನಮಗೆ ಓದಿ ಹೇಳಿದ್ದು ಇನ್ನೊಂದು ಎಂದು ಒಂದೇ ಸಲಕ್ಕೆ ಕೂತು ಬರೆದೆ. ಚೆನ್ನಾಗಿಯೂ ಬಂತು. ಆದರೆ ಕೊಡುವ ಮೊದಲು ಅದನ್ನು ಮಾವನಿಗೆ ಓದಿ ಹೇಳಬೇಕೆನಿಸಿತು. ನಾನು ಅವರಂತಲ್ಲ ಎಂದು ತೋರಿಸಲು ಹೋದೆನೇ? ಇರಬಹುದು. ಮಾವ ಮನೆಯ ಗೋಡೆಗೆ ಒರಗಿ ಕೂತಿದ್ದರು, ಸೊರಗಿದ್ದರು. ನಾನು ಓದಿದೆ. ಅರ್ಜಿ ಕೇಳುವ ರೈತರ ಹಾಗೆ ಅವರು ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ಕೇಳಿದರು. ಕಾಗದದ ಮೇಲೆ ಇದ್ದದ್ದನ್ನೇ ಓದಿದೆ, ಒಂದಕ್ಷರ ಬಿಡಲಿಲ್ಲ.

"ಇದು ಖರೆ ಹೌದಿಲ್ಲೋ, ಮಾವಾ?"

"ಖರೆ ಅದ. ಅಕ್ಷರ ಅಕ್ಷರ ಖರೆ." ಕಣ್ಣು ತೆರೆದರು. "ಕೈ ಛಲೋ ಕೂತದ ನಿಂದು. ಒಂದು ಮಾತು ಬಿಟ್ಟೀದಿ."

"ಏನು?"

"ಅರ್ಜಿದಾರಗ ಉರ್ದು ಓದಾಕ ಬರ್ತಿತ್ತು, ಕಾಗದ ಮುಂದೇ ಇತ್ತು, ಆದ್ರೂ ನೋಡಲಿಲ್ಲ ಅಂತ ಬರಿ. ಅದು ಇಲ್ಲಂದ್ರ ಅರ್ಜಿ ನಿಲ್ಲಂಗಿಲ್ಲ. ಸಾಹೇಬ ಮೊದಲು ಅದನ್ನೇ ಕೇಳ್ತಾನ."

ಚುಚ್ಚಲೆಂದು ಹೇಳಿದರೋ, ಅರ್ಜಿಯ ಕುಂದು ಕಂಡರೆ ಸುಮ್ಮನಿರಲಾರದ ಕಸುಬಿನವರಾಗಿ ಹೇಳಿದರೋ, ಇಂದಿಗೂ ನನಗೆ ಗೊತ್ತಿಲ್ಲ. ನಮ್ಮಿಬ್ಬರ ನಡುವೆ ರಾಜಕೀಯದ ಬಗ್ಗೆ ನಡೆದ ನಿಜವಾದ ಮಾತು ಅದೊಂದೇ. ನಾನು ಕಾಗದ ಮಡಚಿದೆ.

ಮಾವನಿಗೆ ಓದಿ ಹೇಳಿದೆ ಎಂದಷ್ಟೇ ನೇಕಾರನಿಗೆ ತಿಳಿಸಿ, ಆ ಸಾಲನ್ನು ಸೇರಿಸದೆಯೇ ಅರ್ಜಿ ಕೊಟ್ಟೆ. ಸಾಹೇಬ ಏನನ್ನೂ ಕೇಳಲಿಲ್ಲ. ಮಾವನನ್ನು ಕಟ್ಟೆಯಿಂದ ಎಬ್ಬಿಸಿದರು. ಉಳಿದ ದಿನಗಳನ್ನು ಅವರು ಮನೆಯಲ್ಲೇ ಕಳೆದರು. ಮುಂಜಾನೆ ಕಚೇರಿಯ ಹೊತ್ತಿಗೆ ಟೊಪ್ಪಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಕೂಡುತ್ತಿದ್ದರಂತೆ. ಮುಂದಿನ ಜೋಳದ ರಾಶಿಗೆ ಮೊದಲು ತೀರಿಕೊಂಡರು.

ಮಣ್ಣಿಗೆ ನೇಕಾರನೂ ಬಂದ, ಹೆಗಲು ಕೊಟ್ಟ. ಕಲ್ಯಾಣಕ್ಕೆ ಮರಳುವಾಗ ಗಾಡಿಯಲ್ಲಿ ನಾವಿಬ್ಬರೇ ಇದ್ದೆವು. ಹುಮನಾಬಾದು ದಾಟಿದ ಮೇಲೆ ಅವನು ಕೇಳಿದ: "ಅವತ್ತು ನೀ ಅರ್ಜಿ ಓದಿ ಹೇಳಿದಾಗ, ನಿಮ್ಮ ಮಾವ ಏನರೆ ಅಂದ್ರೇನು?"

"ಏನೂ ಅನ್ನಲಿಲ್ಲ" ಎಂದೆ.

ಅವನು ನಂಬಿದ.