ಮುಂದಿನ ಕ್ಲಾಸಿನವರಿಗಾಗಿ ಒರೆಸಿಟ್ಟ ಬೋರ್ಡು

“ಅಮ್ಮಾ, ಟೀಚರಮ್ಮನಿಗೆ ಯಾರು ಬೈದ್ರು? ಮೂಲೆಗೆ ಮುಖ ಮಾಡ್ಕೊಂಡು ಕೂತಿದಾರೆ!”

ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿ ಓಡಿಬಂದ ಪುಟ್ಟಿ ಹೀಗೆ ಕೇಳಿದಾಗ ಅವಳ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು.

“ಅವರಿಗೆ ಯಾರೇ ಬೈತಾರೆ? ಆ ಮೂಲೇಲಿ ಮಾತ್ರ ನೆಟ್‌ವರ್ಕ್ ಸಿಗೋದು. ಪಾಠ ಕೇಳ್ತಿರ್ತಾರೆ.”

“ಇಲ್ಲಮ್ಮ, ಲ್ಯಾಪ್‌ಟಾಪ್ ಮುಚ್ಚಿದೆ. ಸುಮ್ನೆ ಗೋಡೆ ನೋಡ್ತಿದಾರೆ.”

ಪುಟ್ಟಿ ಹೇಳಿದ್ದು ನಿಜವೇ. ಟೀಚರಮ್ಮ ಗೋಡೆಯನ್ನೇ ನೋಡುತ್ತಿದ್ದರು. ಗೋಡೆಯೂ ಅವರಿಗೆ ಏನೂ ಹೇಳುತ್ತಿರಲಿಲ್ಲ.

ಮಗ ಹೊಟ್ಟೆಯಲ್ಲಿದ್ದಾಗ ಅರ್ಧಕ್ಕೆ ಬಿಟ್ಟ ಸ್ನಾತಕೋತ್ತರ ಓದನ್ನು ಟೀಚರಮ್ಮ ಆ ಮಗನಿಗೆ ಮೀಸೆ ಮೂಡಿದ ಮೇಲೆ ಮತ್ತೆ ಹಿಡಿದಿದ್ದರು. ಹಗಲು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸುವುದು, ಸಂಜೆ ಮನೆಗೆ ಬಂದು ಸೀರೆಯ ಚಾಕ್‌ಪುಡಿ ಕೊಡವಿ ಮೂಲೆಯ ಕುರ್ಚಿಯಲ್ಲಿ ತಾವೇ ವಿದ್ಯಾರ್ಥಿನಿಯಾಗಿ ಕೂರುವುದು. ಕಲಿಯುವ ವಿಷಯವಾದರೂ ಎಂಥದು? ಕಂಪ್ಯೂಟರು, ಫೋನುಗಳನ್ನು ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬುದು. ಮೊದಲ ವಾರ ಸಂದೇಹ ಬಂದಾಗ ಟೀಚರಮ್ಮ ಕೈ ಎತ್ತಿದರು. ಪರದೆಯ ಮೇಲೆ ಕೈ ಎತ್ತಲು ಬೇರೆಯೇ ಒಂದು ಬಟನ್ ಇದೆಯೆಂದು ಅವರಿಗೇನು ಗೊತ್ತು? ಸುಮ್ಮನೆ ಗಾಳಿಯಲ್ಲಿ ಕೈ ಎತ್ತಿಕೊಂಡೇ ಕೂತರು. ಹೊಲಿಗೆ ಅಂಗಡಿಯಿಂದ ಬಂದ ಯಜಮಾನರು ಬಾಗಿಲಲ್ಲೇ ನಿಂತು, “ಏನೇ, ಬಸ್ಸು ನಿಲ್ಲಿಸ್ತಿದೀಯಾ?” ಎಂದು ಕೇಳಿದ್ದರು.

ಇಂಥದ್ದಕ್ಕೆಲ್ಲ ಟೀಚರಮ್ಮ ನಗುತ್ತಿದ್ದರು. ಈ ಸಲ ಮಾತ್ರ ನಗುವ ಹಾಗಿರಲಿಲ್ಲ.

ಅವರ ಗುಂಪಿನಲ್ಲಿ ಅವರನ್ನು ಬಿಟ್ಟರೆ ಇನ್ನಿಬ್ಬರು: ಗುಂಪಿನ ಮುಂದಾಳು ಕನ್ನಡಕದ ಹುಡುಗಿ, ಮತ್ತೊಬ್ಬ ಡ್ರಿಲ್ ಮಾಸ್ಟರು. ಮೂವರೂ ಸೇರಿ ಭಿನ್ನರಾಶಿಯ ಪಾಠವೊಂದನ್ನು ಆನ್‌ಲೈನ್ ಬೋರ್ಡಿನ ಮೇಲೆ ಕಟ್ಟಬೇಕಿತ್ತು. ಕಲ್ಲಂಗಡಿ ಹಣ್ಣು, ಬೆರಳಿಟ್ಟು ಎಳೆದರೆ ಬೇರೆಯಾಗುವ ಅದರ ಹೋಳುಗಳು, ಪಕ್ಕದಲ್ಲಿ ಪ್ರಶ್ನೆಗಳು. ವಾರಗಟ್ಟಲೆ ಕೂತು ಕಟ್ಟಿದ್ದರು. ಸೋಮವಾರ ಸಂಜೆ ಅದನ್ನು ಇಡೀ ತರಗತಿಗೆ ತೋರಿಸಬೇಕು. ಅರ್ಧದಷ್ಟು ಅಂಕ ಅದಕ್ಕೇ. ಶುಕ್ರವಾರ ಮೂವರೂ ಕೂತು ಕೊನೆಯ ಸಲ ತಿದ್ದಿ, “ಸರಿ, ಬರ್ತೀವಿ ಮೇಡಂ” ಎಂದು ಇಬ್ಬರೂ ಪರದೆಯಿಂದ ಮರೆಯಾದರು. ಟೀಚರಮ್ಮ ಕನ್ನಡಕ ತೆಗೆದಿಟ್ಟರು, ಬಾಟಲಿಯಿಂದ ನೀರು ಕುಡಿದರು. ಹೊರಡುವ ಮುಂಚೆ ಬೋರ್ಡಿನ ಮೂಲೆಯಲ್ಲಿದ್ದ ಡಸ್ಟರಿನ ಚಿತ್ರವನ್ನು ಒತ್ತಿದರು. “ಎಲ್ಲವನ್ನೂ ಅಳಿಸಬೇಕೆ?” ಎಂದು ಅದು ಮರ್ಯಾದೆಯಾಗಿ ಕೇಳಿತು. ಹೂಂ ಎಂದು ಒತ್ತಿದರು. ಬೋರ್ಡು ಬೆಳ್ಳಗಾಯಿತು. ದಿನದ ಕೆಲಸ ಮುಗಿಯಿತೆಂದು ಮನಸ್ಸೂ ಹಗುರಾಯಿತು. ಎದ್ದು ಹೋಗಿ ಒಲೆ ಹಚ್ಚಿದರು.

ಶನಿವಾರ ಬೆಳಿಗ್ಗೆ ಗುಂಪಿನಲ್ಲಿ ಹುಯಿಲೋ ಹುಯಿಲು. “ನಮ್ಮ ಬೋರ್ಡ್ ಖಾಲಿ! ಯಾರೋ ಪೂರ್ತಿ ಒರೆಸಿಬಿಟ್ಟಿದಾರೆ!” ಎಂದು ಕನ್ನಡಕದ ಹುಡುಗಿ ಬರೆದಿದ್ದಳು. ಅಯ್ಯೋ, ಯಾರಪ್ಪಾ ಈ ಪುಣ್ಯಾತ್ಮರು ಎಂದು ಟೀಚರಮ್ಮ ಕಿಡಿಕಿಡಿಯಾದರು. ತಾವು ಒರೆಸಿದ್ದು ತಮ್ಮ ಮನೆಯ ಬೋರ್ಡನ್ನಲ್ಲವೆ? ಹುಡುಗಿಯ ಬೋರ್ಡು ಹುಡುಗಿಯ ಮನೆಯಲ್ಲಿದೆ, ಮಾಸ್ಟರದ್ದು ಮಾಸ್ಟರ ಮನೆಯಲ್ಲಿದೆ. ಹಿರಿಯಳು ತಾನು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡು ಬರೆದರು: “ಮಕ್ಕಳೇ, ಯಾರು ಒರೆಸಿದ್ದೀರೋ ಅವರೇ ಎದ್ದು ನಿಂತು ಒಪ್ಪಿಕೊಳ್ಳಿ. ಯಾರೂ ಬೈಯುವುದಿಲ್ಲ.”

“ಮೇಡಂ, ನಾನಂತೂ ಕೂತೇ ಇದೀನಿ” ಎಂದು ಡ್ರಿಲ್ ಮಾಸ್ಟರು ಬರೆದರು.

ಸ್ವಲ್ಪ ಹೊತ್ತಿಗೆ ಕನ್ನಡಕದ ಹುಡುಗಿಯಿಂದ ಟೀಚರಮ್ಮನೊಬ್ಬರಿಗೇ ಒಂದು ಸಾಲು ಬಂತು. “ಮೇಡಂ, ಒರೆಸಿದವರು ಯಾರು ಅಂತ ಬೋರ್ಡೇ ತೋರಿಸುತ್ತೆ. ನಿಮ್ಮ ಹೆಸರು ಬರ್ತಿದೆ.”

ಓದಿದರು, ಮತ್ತೆ ಓದಿದರು. ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದಷ್ಟಕ್ಕೇ ಮುಖ ಬಿಸಿಯೇರಿತು. ಲ್ಯಾಪ್‌ಟಾಪ್ ಮುಚ್ಚಿದರು. ಫೋನು ಬಡಿದುಕೊಳ್ಳತೊಡಗಿತು. ಅದನ್ನು ಸೆರಗಿನಡಿ ಇಟ್ಟುಕೊಂಡು ಗೋಡೆ ನೋಡುತ್ತ ಕೂತರು. ಪುಟ್ಟಿ ಕಂಡಿದ್ದು ಆಗಲೇ.

ಪುಟ್ಟಿಯ ಅಮ್ಮ ಹಿಂದಿರುಗಿಸಬೇಕಾಗಿದ್ದ ಡಬ್ಬಿಯೊಂದನ್ನು ನೆಪ ಮಾಡಿಕೊಂಡು ಬಂದಳು.

“ಅಕ್ಕಾ, ಊಟ ಆಯ್ತಾ?”

“ನಾನು ಓದು ಬಿಡ್ತೀನಿ ಕಣೇ. ಸೋಮವಾರ ನಾನಲ್ಲಿ ಇರಲ್ಲ.”

ಕಥೆಯೆಲ್ಲ ಹೊರಬಿತ್ತು. ಟೀಚರಮ್ಮ ಸೋತ ಮುಖದಲ್ಲಿ ಕೇಳಿದರು: “ನೀನೇ ಹೇಳು. ನಾನು ಇಲ್ಲಿ ಒರೆಸಿದ್ರೆ ಅವಳ ಮನೇಲಿ ಹೆಂಗೆ ಅಳಿಸಿಹೋಗುತ್ತೆ? ನಿಮ್ಮನೆ ನೆಲ ನಾನು ಇಲ್ಲಿಂದ ಒರೆಸಕ್ಕಾಗುತ್ತಾ?”

“ಆಗೋ ಹಂಗಿದ್ರೆ ದಿನಾ ಬೆಳಿಗ್ಗೆ ನಿಮಗೇ ಹೇಳ್ತಿದ್ದೆ ಅಕ್ಕ.”

ಟೀಚರಮ್ಮನಿಗೆ ನಗು ಬಂತು, ಕಣ್ಣೀರೂ ಬಂತು. ಪುಟ್ಟಿಯ ಅಮ್ಮ ಕಣ್ಣೀರಿಗೆ ಕಾಯಲಿಲ್ಲ. “ಮೊದಲು ಬೋರ್ಡು ವಾಪಸ್ ಸಿಗುತ್ತಾ ಕೇಳೋಣ. ಓದು ಬಿಡೋದು ಎಲ್ಲಿಗೂ ಓಡಿಹೋಗಲ್ಲ, ಸಾಯಂಕಾಲ ಬಿಟ್ರಾಯ್ತು” ಎಂದು ಫೋನನ್ನು ಸೆರಗಿನಡಿಯಿಂದ ತೆಗೆದು ಅವರ ಕೈಗಿತ್ತಳು.

ಕನ್ನಡಕದ ಹುಡುಗಿ ಒಂದೇ ಸಲಕ್ಕೆ ಎತ್ತಿದಳು. “ಮೇಡಂ! ಆಗ್ಲಿಂದ ಫೋನ್ ಮಾಡ್ತಿದೀನಿ. ಬೋರ್ಡು ವಾಪಸ್ ಬಂತು, ತೆರೆದು ನೋಡಿ. ಆದ್ರೆ ಒಂದ್ಮಾತು, ಬೈಯಲ್ಲ, ಹೇಳಿ. ಯಾಕೆ ಒರೆಸಿದ್ರಿ?”

“ಯಾಕೆ ಅಂದ್ರೆ? ಕ್ಲಾಸು ಮುಗೀತಲ್ಲಮ್ಮ. ಮುಂದಿನ ಕ್ಲಾಸಿನವರು ಬರೋ ಹೊತ್ತಿಗೆ ಬೋರ್ಡು ಒರೆಸಿಡಬೇಕಲ್ವಾ? ಹಂಗೇ ಬಿಟ್ಟು ಬಂದ್ರೆ ಏನಂದ್ಕೋತಾರೆ?”

“ಮೇಡಂ,” ಎಂದಳು ಹುಡುಗಿ, ದನಿ ಸಣ್ಣಗೆ ಮಾಡಿ, “ಇಲ್ಲಿ ಮುಂದಿನ ಕ್ಲಾಸಿನವರೇ ಇಲ್ಲ. ಇದು ನಮ್ಮದೇ ಬೋರ್ಡು, ಮೂವರಿಗೂ ಒಂದೇ.”

ಟೀಚರಮ್ಮ ಬೆಪ್ಪಾದರು. ಶಾಲೆಗೆ ಸೇರಿದ ದಿನದಿಂದ ಗಂಟೆ ಹೊಡೆದ ಮೇಲೆ ಬೋರ್ಡು ಒರೆಸದೆ ಅವರು ಹೊಸ್ತಿಲು ದಾಟಿದವರಲ್ಲ. ಮುಂದಿನ ಪಾಠದ ಮಾಸ್ಟರು ತಮ್ಮ ಅಕ್ಷರಗಳ ಮೇಲೆ ಕೈಯಾಡಿಸಬೇಕಾಗಿ ಬಂದರೆ ಅದಕ್ಕಿಂತ ಅಗೌರವ ಇನ್ನೊಂದಿಲ್ಲವೆಂದು ನಂಬಿದ್ದರು. ಹೊಸ ಟೀಚರುಗಳಿಗೆ ಮೊದಲು ಹೇಳಿಕೊಡುತ್ತಿದ್ದುದೂ ಇದನ್ನೇ.

ಲ್ಯಾಪ್‌ಟಾಪ್ ತೆರೆದರು. ಹಣ್ಣು ಇತ್ತು, ಹೋಳುಗಳೂ ಇದ್ದವು. ಒಂದು ಮೂಲೆಯಲ್ಲಿ ‘ಬಿನ್ನರಾಶಿ’ ಎಂಬ ತಪ್ಪು ಕಾಗುಣಿತವೂ ಇತ್ತು.

“ಇದು ನಂದು! ಮೊನ್ನೇನೇ ಅಳಿಸಿದ್ದೆನಲ್ಲ!”

“ಅಯ್ಯೋ, ಸ್ವಲ್ಪ ಹಳೇದು ಬಂದಿದೆ ಮೇಡಂ. ಸರಿ ಮಾಡ್ತೀನಿ ಇರಿ.”

ಟೀಚರಮ್ಮ ಫೋನಿಟ್ಟು ಪುಟ್ಟಿಯ ಅಮ್ಮನ ಕಡೆ ತಿರುಗಿದರು. “ಅಳಿಸಬಾರದ್ದು ಅಳಿಸಿ ಹೋಗುತ್ತೆ, ಅಳಿಸಿದ್ದು ಎದ್ದು ಬರುತ್ತೆ. ಸ್ಲೇಟಲ್ಲಿ ತಪ್ಪು ಬರೆದು ಅಳೋ ಮಕ್ಕಳಿಗೆ, ಒರೆಸಿದ್ರೆ ಹೋಯ್ತು ಬಿಡು ಚಿನ್ನ, ಅಂತೀನಿ. ನಾಳೆ ಇದನ್ನಿಟ್ಕೊಂಡು ಕಲಿಸುವಾಗ ಏನಂತ ಹೇಳಲಿ?”

“ಅದನ್ನೇ ಸೋಮವಾರ ನಿಮಗೆ ಪಾಠ ಹೇಳೋರನ್ನ ಕೇಳಿ” ಎಂದಳು ಪುಟ್ಟಿಯ ಅಮ್ಮ.

ಟೀಚರಮ್ಮ ಗುಂಪಿನಲ್ಲಿ ಬರೆಯಲು ಫೋನು ಹಿಡಿದರು. ಬರೆಯುವ ಮುಂಚೆ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡರು. “ಒರೆಸಿದ್ದು ನಾನೇ. ಎದ್ದು ನಿಂತಿದ್ದೇನೆ.”

“ಕೂತ್ಕೊಳಿ ಮೇಡಂ. ನಾವ್ಯಾರೂ ಬೈಯಲ್ಲ” ಎಂದು ಬಂತು ಡ್ರಿಲ್ ಮಾಸ್ಟರ ಉತ್ತರ.

ಕೂತರು. ಮುಖದ ಗೊಂದಲ ಮಾತ್ರ ಹಾಗೇ ಇತ್ತು. ಡಬ್ಬಿ ಇಟ್ಟು ಹೊರಟ ಪುಟ್ಟಿಯ ಅಮ್ಮನನ್ನು ಬಾಗಿಲವರೆಗೂ ಬಿಡಲಿಲ್ಲ, ಕರೆದರು.

“ಕೇಳೇ ಇಲ್ಲಿ. ಸೋಮವಾರ ಸಂಜೆ ನಿನಗೆ ಪುರುಸೊತ್ತಿದೆಯಾ?”

“ಯಾಕಕ್ಕ?”

“ನನ್ನ ಕ್ಲಾಸು ಮುಗಿಯೋ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತ್ಕೊ. ಎಲ್ಲರೂ ‘ಬರ್ತೀವಿ’ ಅಂದ ತಕ್ಷಣ ನನ್ನ ಬಲಗೈ ಗಟ್ಟಿಯಾಗಿ ಹಿಡ್ಕೋಬೇಕು. ನನಗೆ ಬುದ್ಧಿ ಬಂದಿದೆ ಕಣೇ, ಈ ಕೈಗೆ ಇನ್ನೂ ಬಂದಿಲ್ಲ.”